ಆರ್‌ಸಿಬಿ 2026: ಯಾರಿಗೆ ಕೊಟ್ಟ ದುಡ್ಡು ದಕ್ಕಿದೆ, ಯಾರದ್ದು ಜಾಸ್ತಿಯಾಯಿತು? ನನ್ನ ಲೆಕ್ಕ ಎಲ್ಲಿ ತಪ್ಪಿದೆ ಹೇಳಿ

ಗ್ಯಾಲರಿ_ಬಿ

2025ರ ಡಿಸೆಂಬರ್ 16ರ ಅಬುಧಾಬಿ ಐಪಿಎಲ್ ಹರಾಜಿನೊಂದಿಗೆ ನಮ್ಮ ತಂಡ ತುಂಬಿತು. 25 ಜನ ಆಗಿದ್ದಾರೆ, ಎಂಟೂ ವಿದೇಶಿ ಜಾಗ ಭರ್ತಿ, ಆಟಗಾರರಿಗೆಂದು ಇರುವ ಪರ್ಸ್‌ನಲ್ಲಿ ಉಳಿದದ್ದು 25 ಲಕ್ಷ. ಇನ್ನು ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ) ಅಥವಾ ಗಾಯದ ಬದಲಿ ಬಿಟ್ಟರೆ 2026ಕ್ಕೆ ಇವರೇ. ಹಾಗಾಗಿ ಯಾರ ಬೆಲೆ ಸರಿ, ಯಾರದ್ದು ದುಬಾರಿ ಅಂತ ಒಂದು ಪಟ್ಟಿ ಮಾಡಿದ್ದೇನೆ.

ಲೆಕ್ಕ ಸರಳ. 2025ರಲ್ಲಿ ಹೊಡೆದ ರನ್ ಅಥವಾ ಕಿತ್ತ ವಿಕೆಟನ್ನು ಕೋಟಿಯಿಂದ ಭಾಗಿಸುವುದು. ಕೊಹ್ಲಿ 657 ರನ್, 21 ಕೋಟಿ, ಅಂದರೆ ಕೋಟಿಗೆ 31 ರನ್. ಸಾಲ್ಟ್ 403 ರನ್, 11.50 ಕೋಟಿ, ಕೋಟಿಗೆ 35. ಟಿಮ್ ಡೇವಿಡ್ 187 ರನ್, 3 ಕೋಟಿ, ಕೋಟಿಗೆ 62. ಪಡಿಕ್ಕಲ್ 247 ರನ್, ಬರೀ 2 ಕೋಟಿ, ಕೋಟಿಗೆ 123. ಜಿತೇಶ್ 261 ರನ್, 11 ಕೋಟಿ, ಕೋಟಿಗೆ 24 ಕೂಡ ಇಲ್ಲ. ಬಿಟ್ಟುಬಿಟ್ಟ ಲಿವಿಂಗ್‌ಸ್ಟನ್ 112 ರನ್, 8.75 ಕೋಟಿ, ಕೋಟಿಗೆ 13.

ಬೌಲಿಂಗ್‌ನಲ್ಲಿ ಹೇಜಲ್‌ವುಡ್ 22 ವಿಕೆಟ್, 12.50 ಕೋಟಿ, ಕೋಟಿಗೆ 1.76. ಭುವಿ (ಭುವನೇಶ್ವರ್ ಕುಮಾರ್) 17 ವಿಕೆಟ್, 10.75 ಕೋಟಿ, 1.58. ಕೃಣಾಲ್ 17 ವಿಕೆಟ್, 5.75 ಕೋಟಿ, 2.96. ಸುಯಶ್ 8 ವಿಕೆಟ್, 2.60 ಕೋಟಿ, 3.08.

ಇದರ ಪ್ರಕಾರ ಜಿತೇಶ್ ದುಬಾರಿ, ಸುಯಶ್ ಹೇಜಲ್‌ವುಡ್‌ಗಿಂತ ಲಾಭ. ಆದರೆ ಪಂದ್ಯ ನೋಡಿದವರು ಯಾರೂ ಹಾಗೆ ಹೇಳಲಾರರು. ಹಾಗಾದರೆ ಆಟಗಾರನ ಬೆಲೆಯನ್ನು ತೂಗುವುದು ಹೇಗೆ?

ಇನ್ನೆರಡು ಅನುಮಾನ. ಎರಡೇ ಪಂದ್ಯ ಆಡಿದ ರಸಿಖ್ ಸಲಾಂ ಅವರನ್ನು 6 ಕೋಟಿಗೇ ಉಳಿಸಿಕೊಂಡದ್ದು ಯಾಕೆ? ವೆಂಕಟೇಶ್ ಅಯ್ಯರ್‌ಗೆ 7 ಕೋಟಿ ಸುರಿದೆವಲ್ಲ, ಅವರನ್ನು ಆಡಿಸುವುದು ಎಲ್ಲಿ?

ನಕಲ್‌ಬಾಲ್

ನಿಮ್ಮ ಭಾಗಾಕಾರ ಸರಿಯಾಗಿಯೇ ಇದೆ, ಭಾಗಿಸಿದ ಸಂಖ್ಯೆಗಳೇ ಸರಿಯಿಲ್ಲ. ಕೆಳಗಿರುವ ಕೋಟಿ ಹುಟ್ಟುವುದು ಆಟಗಾರನ ಕೈಯಲ್ಲಲ್ಲ, ಆವತ್ತು ಹರಾಜಿನ ಕೋಣೆಯಲ್ಲಿ ಯಾರ ಹತ್ತಿರ ಎಷ್ಟು ದುಡ್ಡು ಉಳಿದಿತ್ತು, ಯಾರಿಗೆ ಯಾವ ಜಾಗ ಖಾಲಿ ಇತ್ತು ಅನ್ನುವುದರಲ್ಲಿ. ಜಿತೇಶ್ ಅವರ 11 ಕೋಟಿಯನ್ನೇ ಬಿಡಿಸಿ ನೋಡಿ. 2024ರ ನವೆಂಬರ್‌ನಲ್ಲಿ ಜೆಡ್ಡಾದ ಹರಾಜಿನಲ್ಲಿ ಅವರ ಮೇಲಿನ ಬಿಡ್ ನಮ್ಮ 7 ಕೋಟಿಗೆ ನಿಂತಿತು. ಅವರ ಹಳೆಯ ತಂಡ ಪಂಜಾಬ್ ಆರ್‌ಟಿಎಂ ಕಾರ್ಡ್ (ತನ್ನ ಹಳೆಯ ಆಟಗಾರನನ್ನು ಬಿಡ್ ಮೊತ್ತ ಸರಿಗಟ್ಟಿ ವಾಪಸ್ ಪಡೆಯುವ ಹಕ್ಕು) ಎತ್ತಿತು. ಆ ಹರಾಜಿನ ಹೊಸ ನಿಯಮದಂತೆ ಕಾರ್ಡ್ ಎತ್ತಿದ ಮೇಲೆ ಬಿಡ್ ಗೆದ್ದ ತಂಡಕ್ಕೆ ಇನ್ನೊಂದೇ ಒಂದು ಸಲ ಮೊತ್ತ ಏರಿಸುವ ಅವಕಾಶ, ಹಳೆಯ ತಂಡ ಅದನ್ನು ಸರಿಗಟ್ಟಿದರೆ ಆಟಗಾರ ಅವರ ಪಾಲು. ಆ ಒಂದು ಅವಕಾಶದಲ್ಲಿ 7.25 ಅಂದರೆ ಪಂಜಾಬ್ ಖಂಡಿತ ಹೂಂ ಅನ್ನುತ್ತಿತ್ತು. ಅವರು ಕೈಬಿಡುವಷ್ಟು ದೊಡ್ಡ ಅಂಕಿ ಹೇಳಲೇಬೇಕು. ನಾವು 11 ಅಂದೆವು, ಅವರು ಬಿಟ್ಟರು. ಅಂದರೆ ಮಾರುಕಟ್ಟೆ ಕಟ್ಟಿದ ಬೆಲೆ 7, ಮೇಲಿನ 4 ಕೋಟಿ ಪಂಜಾಬಿನ ಕಾರ್ಡನ್ನು ತಡೆಯಲು ಕೊಟ್ಟದ್ದು. ರಸಿಖ್ ವಿಷಯದಲ್ಲೂ ಆದದ್ದು ಇದೇ: ಬಿಡ್ 2 ಕೋಟಿಗೆ ನಿಂತಿತು, ಡೆಲ್ಲಿ ಕಾರ್ಡ್ ಎತ್ತಿತು, ನಾವು 6 ಅಂದೆವು.

ಪಡಿಕ್ಕಲ್ ಇದಕ್ಕೆ ತಿರುಗುಮುರುಗು. ಮೊದಲ ಸುತ್ತಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ, ಕೊನೆಗೆ ಮೂಲ ಬೆಲೆಗೇ ಸಿಕ್ಕರು. ಅವರ ಆಟ 2 ಕೋಟಿಯದ್ದು ಅಂತ ಅಲ್ಲ, ಆ ಹೊತ್ತಿಗೆ ಬೇರೆಯವರ ಟಾಪ್ ಆರ್ಡರ್ ತುಂಬಿಹೋಗಿತ್ತು ಅಂತ ಅಷ್ಟೇ.

ಹಾಗಾದರೆ ತೂಗುವುದು ಹೇಗೆ? ಆಟಗಾರನನ್ನು ತೂಗಬೇಡಿ, ಜಾಗವನ್ನು ತೂಗಿ. ಆತ ಇಲ್ಲದಿದ್ದರೆ ಆ ಜಾಗಕ್ಕೆ ಬೆಂಚಿನಿಂದ ಅಥವಾ ಹರಾಜಿನಿಂದ ಯಾರು ಬರುತ್ತಿದ್ದರು, ಅವರಿಗೆ ಎಷ್ಟು ಕೊಡಬೇಕಿತ್ತು, ಅವರು ಬಂದರೆ ಉಳಿದ ಹತ್ತು ಜನರ ಜೋಡಣೆ ಏನಾಗುತ್ತಿತ್ತು? ಜಿತೇಶ್ ಅವರ ಜಾಗದ ಹೆಸರು "ಐದು–ಆರಕ್ಕೆ ಬಂದು ಮೊದಲ ಎಸೆತದಿಂದಲೇ ಹೊಡೆಯಬಲ್ಲ ಭಾರತೀಯ ಕೀಪರ್". ಇದರಲ್ಲಿ ಮೂರು ಷರತ್ತು ಇದೆ, ಮೂರನ್ನೂ ಪೂರೈಸುವವರು ದೇಶದಲ್ಲೇ ಬೆರಳೆಣಿಕೆಯಷ್ಟು. ಅದೇ ಹರಾಜಿನಲ್ಲಿ ಬೇರೆ ಭಾರತೀಯ ಕೀಪರ್‌ಗಳು ಏನಾದರು ನೋಡಿ. ಪಂತ್ 27 ಕೋಟಿ, ರಾಹುಲ್ 14, ಇಶಾನ್ ಕಿಶನ್ 11.25. ಇವರಲ್ಲಿ ಇಶಾನ್ ಓಪನರ್, ರಾಹುಲ್ ಕೂಡ ಮೇಲೆಯೇ ಚೆನ್ನಾಗಿ ಆಡುವವರು.

ಜಿತೇಶ್ ಬದಲು ಸಾಲ್ಟ್ ಕೈಗೇ ಗ್ಲೌಸ್ ಕೊಡಬಹುದಿತ್ತಲ್ಲ ಅಂತ ಕೇಳಬಹುದು. ಕೊಡಬಹುದಿತ್ತು. ಆಗ ಸಾಲ್ಟ್ ಗಾಯಗೊಂಡ ದಿನ ಓಪನರೂ ಇಲ್ಲ, ಕೀಪರೂ ಇಲ್ಲ. ಜೊತೆಗೆ ಬೇರೆ ದೇಶದ ಕೀಪರ್ ಒಬ್ಬನನ್ನು ಬೆಂಚಿನಲ್ಲಿ ಸಾಕಬೇಕು. ಭಾರತೀಯ ಕೀಪರ್ ಇದ್ದರೆ ಆಡುವ ಹನ್ನೊಂದರಲ್ಲಿ ವಿದೇಶಿಗರಿಗಿರುವ ನಾಲ್ಕೂ ಜಾಗವನ್ನು ಬ್ಯಾಟ್ ಅಥವಾ ಬಾಲ್ ನೋಡಿಯೇ ತುಂಬಬಹುದು. 11 ಕೋಟಿ ಹೋದದ್ದು ಆ ಸ್ವಾತಂತ್ರ್ಯಕ್ಕೆ.

ಇನ್ನು ಮೇಲಿನ ಅಂಕಿ, 261 ರನ್. 2025ರ ಮೇ 27ರಂದು ಲಖನೌದಲ್ಲಿ ಪಂತ್ 118 ಹೊಡೆದು ನಮಗೆ 228ರ ಗುರಿ ಇಟ್ಟಿದ್ದರು. ಕೊಹ್ಲಿ ನಾಲ್ಕನೆಯವರಾಗಿ ಔಟಾದಾಗ 123. ಅಲ್ಲಿಂದ ಜಿತೇಶ್ 33 ಎಸೆತದಲ್ಲಿ ಔಟಾಗದೆ 85. ಎಂಟು ಎಸೆತ ಬಾಕಿ ಇರುವಾಗಲೇ ಪಂದ್ಯ ಮುಗಿಯಿತು, ಮೊದಲೆರಡು ಸ್ಥಾನದಲ್ಲಿ ಮುಗಿಸಿದೆವು, ಅದರಿಂದ ಕ್ವಾಲಿಫೈಯರ್ 1 ಸಿಕ್ಕಿತು. ಫೈನಲ್‌ನಲ್ಲಿ ಹೊಡೆದದ್ದು 24, ಆಡಿದ್ದು 10 ಎಸೆತ. ನಾವು ಗೆದ್ದ ಅಂತರ 6 ರನ್. ಈ 24 ರನ್ನನ್ನು ನಿಮ್ಮ ಪಟ್ಟಿ ಯಾರೋ ಎಂಟನೇ ಓವರ್‌ನಲ್ಲಿ ಒಂದೊಂದಾಗಿ ಓಡಿದ 24ರ ಪಕ್ಕದಲ್ಲೇ ಕೂರಿಸುತ್ತದೆ.

ಸ್ಕೋರ್‌ಶೀಟ್

ಬ್ಯಾಟಿಂಗ್ ಬಗ್ಗೆ ನಕಲ್‌ಬಾಲ್ ಹೇಳಿದ್ದಕ್ಕೆ ಸೇರಿಸುವುದು ಏನೂ ಇಲ್ಲ. ಬೌಲಿಂಗ್‌ಗೆ ವಿಕೆಟ್ ಲೆಕ್ಕ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಅಲ್ಲಿ ಓವರ್ ಲೆಕ್ಕ ಹಿಡಿಯಬೇಕು, ಅದರಲ್ಲೂ ಎಷ್ಟನೇ ಓವರ್ ಅನ್ನುವುದನ್ನು.

20 ಓವರನ್ನು ಹೀಗೆ ಕತ್ತರಿಸಿ: 1ರಿಂದ 6, 7ರಿಂದ 15, 16ರಿಂದ 20. ನಡುವಿನ ಒಂಬತ್ತು ಓವರ್ ಹಾಕಬಲ್ಲವರು ಸುಲಭವಾಗಿ ಸಿಗುತ್ತಾರೆ. ಪವರ್‌ಪ್ಲೇನಲ್ಲಿ ಹೊಸ ಚೆಂಡಿನಿಂದ ವಿಕೆಟ್ ತೆಗೆಯುವವರು ಕಡಿಮೆ. 17ರ ನಂತರ ಸೆಟ್ ಆದ ಬ್ಯಾಟರ್‌ಗೆ ಚೆಂಡು ಹಾಕಬಲ್ಲವರು ಇನ್ನೂ ಕಡಿಮೆ. ಎರಡನ್ನೂ ಮಾಡುವವರು ಅಂದರೆ ಬುಮ್ರಾ, ಹೇಜಲ್‌ವುಡ್ ಥರದ ನಾಲ್ಕೈದು ಜನ. ಬೆಲೆ ಏರುವುದು ಅಲ್ಲಿ.

ಏಪ್ರಿಲ್ 24, ಚಿನ್ನಸ್ವಾಮಿ. ನಮ್ಮದು 205. ರಾಜಸ್ಥಾನಕ್ಕೆ ಕೊನೆಯ 12 ಎಸೆತದಲ್ಲಿ 18 ರನ್ ಬೇಕು, ಕ್ರೀಸ್‌ನಲ್ಲಿ ಹೊಡೆಯುತ್ತಿದ್ದ ಧ್ರುವ್ ಜುರೆಲ್. ಆ ಮೈದಾನದಲ್ಲಿ 12 ಎಸೆತಕ್ಕೆ 18 ಅಂದರೆ ಪಂದ್ಯ ಕೈಬಿಟ್ಟ ಹಾಗೆ. ಹೇಜಲ್‌ವುಡ್ 19ನೇ ಓವರ್ ಹಾಕಿದರು: ಒಂದು ರನ್, ಎರಡು ವಿಕೆಟ್, ಜುರೆಲ್ ಕೂಡ ಹೋದರು. 11 ರನ್‌ನಿಂದ ಗೆದ್ದೆವು, ಅಲ್ಲಿಯವರೆಗೆ ಊರಿನಲ್ಲಿ ಆಡಿದ ಮೂರೂ ಸೋತಿದ್ದ ನಮಗೆ ಅದು ತವರಿನ ಮೊದಲ ಗೆಲುವು. ಆ ಓವರ್ ಸುಯಶ್‌ಗೆ ಕೊಡಲು ಆಗುತ್ತಿತ್ತೇ? ಸುಯಶ್ ಕೆಟ್ಟ ಬೌಲರ್ ಅಂತಲ್ಲ. ಅವರ ಓವರ್‌ಗಳು ಏಳರಿಂದ ಹದಿನಾಲ್ಕರ ನಡುವೆ ಬೀಳುವಂಥವು, ಆ ಕೆಲಸಕ್ಕೆ 2.60 ಕೋಟಿ ಸರಿಯಾದ ಬೆಲೆ. ಮುಲ್ಲನ್‌ಪುರದ ಕ್ವಾಲಿಫೈಯರ್‌ನಲ್ಲಿ ಅವರು 17 ರನ್‌ಗೆ 3 ವಿಕೆಟ್ ತೆಗೆದದ್ದು ನಮ್ಮ ವೇಗಿಗಳು ಹೊಸ ಚೆಂಡಿನಲ್ಲಿ ಪಂಜಾಬನ್ನು ಮುರಿದ ಮೇಲೆ.

ಕೃಣಾಲ್ ನಿಮ್ಮ ಪಟ್ಟಿಯಲ್ಲೂ ಮೇಲಿದ್ದಾರೆ, ಅಲ್ಲಿ ಲೆಕ್ಕವೂ ಕಣ್ಣೂ ಒಂದಾಗುತ್ತವೆ. ಫೈನಲ್‌ನಲ್ಲಿ 4 ಓವರ್, 17 ರನ್, 2 ವಿಕೆಟ್, ಪಂದ್ಯಶ್ರೇಷ್ಠ. 190 ಉಳಿಸಿಕೊಳ್ಳಬೇಕಾದ ಪಂದ್ಯದಲ್ಲಿ ಎಡಗೈ ಸ್ಪಿನ್ನರ್ ಓವರಿಗೆ ನಾಲ್ಕು ಚಿಲ್ಲರೆ ಕೊಟ್ಟರೆ ಉಳಿದ 16 ಓವರ್ ಹಾಕುವವರಿಗೆ ಹತ್ತರ ಮೇಲೆ ಕೊಡುವ ಸಲುಗೆ ಸಿಗುತ್ತದೆ. ಕೃಣಾಲ್ ಬ್ಯಾಟರ್ ನೋಡಿ ಪ್ರತಿ ಎಸೆತಕ್ಕೂ ವೇಗ ಬದಲಿಸುತ್ತಿದ್ದರು. ನಿಧಾನದ ಚೆಂಡಿಗೆ ಪ್ರಭ್‌ಸಿಮ್ರನ್ ಕ್ಯಾಚ್ ಕೊಟ್ಟರು, ಇಂಗ್ಲಿಸ್ ನೇರಕ್ಕೆ ಎತ್ತಲು ಹೋಗಿ ಲಾಂಗ್ ಆನ್‌ನಲ್ಲಿ ಸಿಕ್ಕರು. ಅದಕ್ಕೂ ಮೊದಲು ಏಪ್ರಿಲ್ 27ರಂದು ಡೆಲ್ಲಿಯಲ್ಲಿ 26ಕ್ಕೆ 3 ಬಿದ್ದಾಗ ಕೊಹ್ಲಿ ಜೊತೆ ನಿಂತು 47 ಎಸೆತದಲ್ಲಿ ಔಟಾಗದೆ 73 ಹೊಡೆದವರೂ ಅವರೇ. 5.75 ಕೋಟಿಗೆ ಒಂದೂವರೆ ಜಾಗ ತುಂಬಿದ ಹಾಗೆ. ನನ್ನ ಪ್ರಕಾರ ಜೆಡ್ಡಾದಲ್ಲಿ ನಾವು ಮಾಡಿದ ಅತ್ಯುತ್ತಮ ಖರೀದಿ ಇದೇ.

ಚಿಂತೆ ಇರುವುದು ವಯಸ್ಸಿನಲ್ಲಿ. 2026ರ ಸೀಸನ್ ಹೊತ್ತಿಗೆ ಭುವಿಗೆ 36, ಹೇಜಲ್‌ವುಡ್‌ಗೆ 35, ಕೃಣಾಲ್‌ಗೂ 35. ಹೇಜಲ್‌ವುಡ್ 2025ರಲ್ಲೂ 12 ಪಂದ್ಯ ಅಷ್ಟೇ ಆಡಿದ್ದು, ನಡುವೆ ಭುಜದ ನೋವಿನಿಂದ ಹೊರಗಿದ್ದರು. ಹಾಗಾಗಿ ಜೇಕಬ್ ಡಫಿಗೆ ಕೊಟ್ಟ 2 ಕೋಟಿಯನ್ನು ಬೆಂಚಿನ ಖರ್ಚು ಅಂತ ಬರೆಯಬೇಡಿ. ವಿದೇಶಿ ವೇಗಿಯ ಬದಲಿ ವಿದೇಶಿ ವೇಗಿಯೇ ಆಗಿದ್ದರೆ ಉಳಿದ ಹತ್ತು ಜನ ಅಲುಗಾಡುವುದಿಲ್ಲ. ಭಾರತೀಯ ವೇಗಿಯನ್ನು ತಂದರೆ ನಾಲ್ಕನೇ ವಿದೇಶಿ ಜಾಗ ಬ್ಯಾಟಿಂಗ್‌ಗೆ ಹೋಗುತ್ತದೆ, ಅಲ್ಲಿಂದ ಒಬ್ಬ ಭಾರತೀಯ ಬ್ಯಾಟರ್ ಹೊರಗೆ, ಹೀಗೆ ಒಂದು ಗಾಯಕ್ಕೆ ಮೂರು ಬದಲಾವಣೆ. ಇನ್ನೊಬ್ಬ ವಿದೇಶಿ ವೇಗಿ ತುಷಾರ ಇದ್ದಾರಲ್ಲ ಅಂದರೆ, ಅವರು ತೋಳು ಕೆಳಗಿಳಿಸಿ ಬೀಸುವ ಬೌಲರ್, ಯಾರ್ಕರ್‌ಗೆ ಬೇಕು. ಎತ್ತರದಿಂದ ಗುಡ್‌ಲೆಂತ್‌ಗೆ ಬಡಿಯುವ ಕೆಲಸಕ್ಕೆ ಡಫಿಯೇ ಹತ್ತಿರ.

ನಮ್ಮೂರ_ಪಿಚ್

ಜಾಗ, ಓವರ್, ಆರ್‌ಟಿಎಂ ಎಲ್ಲ ಒಪ್ಪಿದೆ. ಆದರೆ ಇಷ್ಟುದ್ದ ಚರ್ಚೆಯಲ್ಲಿ ಒಂದು ಮಾತು ಬರಲೇ ಇಲ್ಲ. ಈ 25 ಜನರಲ್ಲಿ ಕರ್ನಾಟಕದವರು ಎಷ್ಟು? ಪಡಿಕ್ಕಲ್ ಒಬ್ಬರೇ. ಮಯಾಂಕ್ ಅಗರ್ವಾಲ್, ಮನೋಜ್ ಭಾಂಡಗೆ ಇಬ್ಬರನ್ನೂ ಬಿಟ್ಟರು. ಪ್ರಸಿದ್ಧ್ ಕೃಷ್ಣ 9.50 ಕೋಟಿಗೆ ಗುಜರಾತ್‌ಗೆ ಹೋಗಿ 25 ವಿಕೆಟ್ ಕಿತ್ತು ಅತಿ ಹೆಚ್ಚು ವಿಕೆಟ್ ಕಿತ್ತವರಿಗೆ ಸಿಗುವ ಪರ್ಪಲ್ ಕ್ಯಾಪ್ ಹಾಕಿಕೊಂಡರು, ನಾವು ಭುವಿಗೆ 10.75 ಕೊಟ್ಟೆವು. ರಾಹುಲ್ ಏಪ್ರಿಲ್ 10ರಂದು ನಮ್ಮ ಮೈದಾನದಲ್ಲೇ ನಮ್ಮ ವಿರುದ್ಧ 53 ಎಸೆತಕ್ಕೆ 93 ಹೊಡೆದು, ಗೆಲುವಿನ ಹೊಡೆತದ ನಂತರ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಅದರ ನಡುವೆ ಬ್ಯಾಟ್ ಊರಿದರು. ಅದನ್ನು ನೋಡಿ ಹೊಟ್ಟೆ ಉರಿಯದ ಬೆಂಗಳೂರಿನವರು ಇದ್ದಾರಾ?

ಸ್ಟಾರ್‌ಗಳ ಮಾತು ಬಿಡಿ. 30 ಲಕ್ಷದ ನಾಲ್ಕು ಜಾಗ ಇತ್ತು. ಸಾತ್ವಿಕ್ ದೇಸ್ವಾಲ್, ವಿಕ್ಕಿ ಓಸ್ತ್‌ವಾಲ್, ಕನಿಷ್ಕ್ ಚೌಹಾಣ್, ವಿಹಾನ್ ಮಲ್ಹೋತ್ರಾ. ನಾಲ್ಕೂ ಹೊರಗಿನವರು. ಮಧ್ಯಪ್ರದೇಶದ ರಾಜ್ಯ ಲೀಗ್‌ನಲ್ಲಿ ಮಿಂಚಿದ ಮಂಗೇಶ್ ಯಾದವ್‌ಗೆ 5.20 ಕೋಟಿ ಕೊಡಲು ಆಗುತ್ತದೆ, ನಮ್ಮ ರಾಜ್ಯದ ಲೀಗ್ ಮಹಾರಾಜ ಟ್ರೋಫಿಯಿಂದ 30 ಲಕ್ಷಕ್ಕೆ ಒಬ್ಬನೂ ಸಿಗಲಿಲ್ಲವಾ?

ನಕಲ್‌ಬಾಲ್

ನಿಮ್ಮ ಮಾತನ್ನು ಎರಡಾಗಿ ಒಡೆದು ನೋಡೋಣ, ಯಾಕೆಂದರೆ ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ.

ರಾಹುಲ್ ಅವರ 14 ಕೋಟಿ. ಅದೇ ದುಡ್ಡಿಗೆ ನಮಗೆ ಸಿಕ್ಕದ್ದು ಜಿತೇಶ್ 11, ಟಿಮ್ ಡೇವಿಡ್ 3. ಒಬ್ಬ ಕೀಪರ್, ಒಬ್ಬ ಫಿನಿಷರ್, ಕೂಡಿಸಿದರೆ ಸರಿಯಾಗಿ 14. ರಾಹುಲ್ ಬಂದಿದ್ದರೆ ಕೊಹ್ಲಿ, ಸಾಲ್ಟ್, ಪಡಿಕ್ಕಲ್, ಪಾಟೀದಾರ್ ಸಾಲಿನಲ್ಲಿ ಐದನೇ ಟಾಪ್ ಆರ್ಡರ್ ಬ್ಯಾಟರ್ ಆಗುತ್ತಿದ್ದರು, ಕೊನೆಯ ಐದು ಓವರ್ ಹೊಡೆಯುವವರಿಲ್ಲದೆ ಹಿಂದಿನ ವರ್ಷಗಳ ಅದೇ ಕಾಯಿಲೆ ಮುಂದುವರಿಯುತ್ತಿತ್ತು. ಕರ್ನಾಟಕದ ಶ್ರೇಷ್ಠ ಬ್ಯಾಟರ್ ನಮ್ಮ ಜೆರ್ಸಿಯಲ್ಲಿ ಇರಬೇಕು ಅನ್ನುವ ಆಸೆ ನನಗೂ ಇದೆ, ಆದರೆ ಆ 14 ಕೋಟಿ ಖರ್ಚಾದ ರೀತಿಗೆ ನನ್ನ ತಕರಾರಿಲ್ಲ. ಪ್ರಸಿದ್ಧ್ ವಿಷಯ ಬೇರೆ. ಅಲ್ಲಿ ನೀವು ಹೇಳಿದ್ದೇ ಸರಿ. ಭುವಿಗಿಂತ ಕಡಿಮೆ ಬೆಲೆ, ಆರು ವರ್ಷ ಚಿಕ್ಕವರು, ಎತ್ತರ ಇದೆ, ಚಿನ್ನಸ್ವಾಮಿಯಲ್ಲಿ ಬೆಳೆದವರು. ಭುವಿ ಹೊಸ ಚೆಂಡಿನಲ್ಲಿ ಸ್ವಿಂಗ್ ಕೊಡುತ್ತಾರೆ, ಅದು ಪ್ರಸಿದ್ಧ್ ಅವರಲ್ಲಿ ಅಷ್ಟಿಲ್ಲ ಅನ್ನುವುದೊಂದೇ ಸಮಾಧಾನ.

30 ಲಕ್ಷದ ಜಾಗಗಳ ಬಗ್ಗೆ ಪೂರ್ತಿ ನಿಮ್ಮ ಪಕ್ಷ. ಆ ಜಾಗದ ಕೆಲಸ ಏನು? ನೆಟ್ಸ್‌ನಲ್ಲಿ ಬೌಲ್ ಮಾಡುವುದು, ಬದಲಿ ಫೀಲ್ಡರ್ ಆಗುವುದು, ತುರ್ತಿನಲ್ಲಿ ಒಂದೆರಡು ಪಂದ್ಯ ಆಡುವುದು. ಇದಕ್ಕೆ ಚಿನ್ನಸ್ವಾಮಿಯ ಗಾಳಿ, ಬೌಂಡರಿ, ಸಂಜೆಯ ಇಬ್ಬನಿ ಗೊತ್ತಿರುವ ಹುಡುಗನಿಗಿಂತ ಒಳ್ಳೆಯವನು ಬೇಕಿಲ್ಲ. ಬೆಲೆ ಒಂದೇ, ಆಟದ ಮಟ್ಟವೂ ಹೆಚ್ಚು ಕಡಿಮೆ ಒಂದೇ ಆದಾಗ ಊರಿನವನೇ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. ಓಸ್ತ್‌ವಾಲ್ ಒಬ್ಬರಿಗೆ ಕಾರಣ ಕಾಣುತ್ತದೆ: ಕೃಣಾಲ್‌ಗೆ ಏನಾದರೂ ಆದರೆ ಎಡಗೈ ಸ್ಪಿನ್ನರ್ ಬೇಕು. ಆದರೆ ಅದಕ್ಕೆ ಸ್ವಪ್ನಿಲ್ ಸಿಂಗ್ 50 ಲಕ್ಷಕ್ಕೆ ಆಗಲೇ ಇದ್ದಾರೆ.

ಮಂಗೇಶ್ ಅವರ 5.20ರಿಂದ ಗ್ಯಾಲರಿ_ಬಿ ಅವರ ರಸಿಖ್ ಪ್ರಶ್ನೆಗೆ ಉತ್ತರವೂ ಸಿಗುತ್ತದೆ. ರಸಿಖ್‌ರನ್ನು ಬಿಟ್ಟಿದ್ದರೆ 6 ಕೋಟಿ ಪರ್ಸ್‌ಗೆ ಬರುತ್ತಿತ್ತು, ನಿಜ. ಬೇಕಾದರೆ ಕಡಿಮೆಗೆ ವಾಪಸ್ ಕೊಳ್ಳಬಹುದಿತ್ತು ಅನ್ನುವುದು ಲೆಕ್ಕ. ಆದರೆ ನಮ್ಮಲ್ಲಿ ಇದ್ದದ್ದು 16.40 ಕೋಟಿ. ಕೋಲ್ಕತ್ತ 64.30 ಕೋಟಿ, ಚೆನ್ನೈ 43.40 ಕೋಟಿ ಹಿಡಿದು ಕೂತಿದ್ದವು. 30 ಲಕ್ಷ ಮೂಲ ಬೆಲೆಯ, ಒಂದೂ ಐಪಿಎಲ್ ಪಂದ್ಯ ಆಡದ ಎಡಗೈ ವೇಗಿಗೆ 5.20 ಕೊಡಬೇಕಾದ ಹರಾಜಿನಲ್ಲಿ, ಐಪಿಎಲ್ ನೋಡಿದ ವೇಗಿಯನ್ನು ಬಿಟ್ಟು ಅಗ್ಗಕ್ಕೆ ವಾಪಸ್ ತರುತ್ತೇವೆ ಅನ್ನುವ ಧೈರ್ಯ ಯಾರಿಗೂ ಬರಲಾರದು. ಮಿನಿ ಹರಾಜಿನಲ್ಲಿ ಆರ್‌ಟಿಎಂ ಕೂಡ ಇರುವುದಿಲ್ಲ, ಕೈಬಿಟ್ಟರೆ ಬಿಟ್ಟ ಹಾಗೆಯೇ. ಇಷ್ಟಾದರೂ 6 ಕೋಟಿ ಬೆಂಚಿನಲ್ಲಿ ಕೂರುವುದು ಭಾರವೇ. ಭುವಿಗೆ ಎರಡು ಪಂದ್ಯಕ್ಕೊಮ್ಮೆ ವಿಶ್ರಾಂತಿ ಕೊಟ್ಟು ರಸಿಖ್‌ರನ್ನು ಆಡಿಸಿದರೆ ಮಾತ್ರ ಆ ದುಡ್ಡು ದುಡಿಯುತ್ತದೆ.

ಲಿವಿಂಗ್‌ಸ್ಟನ್‌ರನ್ನು ಹೈದರಾಬಾದ್ 13 ಕೋಟಿಗೆ ಕೊಂಡಿತು, ಬಿಟ್ಟದ್ದು ತಪ್ಪಲ್ಲವೇ ಅಂತ ತುಂಬ ಜನ ಕೇಳುತ್ತಿದ್ದಾರೆ. ಮೊದಲು ಹೇಳಿದ ಸೂತ್ರವನ್ನೇ ಹಚ್ಚಿ. ಅವರ ಜಾಗಕ್ಕೆ ನಮ್ಮ ಬೆಂಚಿನಲ್ಲಿ ಯಾರಿದ್ದರು? ರೊಮಾರಿಯೊ ಶೆಫರ್ಡ್, 1.50 ಕೋಟಿ. ಮೇ 3ರಂದು ಚೆನ್ನೈ ವಿರುದ್ಧ ಖಲೀಲ್ ಹಾಕಿದ 19ನೇ ಓವರ್‌ನಲ್ಲೇ 33 ರನ್ ಬಂತು, ಶೆಫರ್ಡ್ 14 ಎಸೆತದಲ್ಲಿ 53, ನಾವು ಗೆದ್ದದ್ದು 2 ರನ್‌ನಿಂದ. ಫೈನಲ್‌ನಲ್ಲಿ ಶ್ರೇಯಸ್ ಅಯ್ಯರ್‌ರನ್ನು ಒಂದು ರನ್‌ಗೆ ಜಿತೇಶ್ ಕೈಗೆ ಕ್ಯಾಚ್ ಕೊಡಿಸಿದ್ದೂ ಶೆಫರ್ಡ್. 26.75 ಕೋಟಿಯ ನಾಯಕನ ವಿಕೆಟ್ 1.50 ಕೋಟಿಯ ಆಟಗಾರನಿಗೆ. ಆ ಜಾಗ ಇಷ್ಟು ಕಡಿಮೆಗೆ ತುಂಬುತ್ತಿರುವಾಗ ಅದರ ಹಿಂದೆ 8.75 ಕೋಟಿ ಕಟ್ಟಿಹಾಕುವುದಕ್ಕೆ ಅರ್ಥವಿಲ್ಲ. ಹೈದರಾಬಾದ್‌ಗೆ ಅವರು 13 ಕೋಟಿ ಬಾಳಬಹುದು, ನಮಗೆ ಬಾಳುವುದಿಲ್ಲ. ಒಬ್ಬನೇ ಆಟಗಾರನಿಗೆ ಎರಡು ತಂಡದಲ್ಲಿ ಎರಡು ತೂಕ.

ಗ್ಯಾಲರಿ_ಬಿ

ಈಗ ಅರ್ಥವಾಗುತ್ತಿದೆ. ಜಾಗದ ಲೆಕ್ಕದಲ್ಲಿ ಹನ್ನೊಂದು ಜನರನ್ನು ಬರೆದು ನೋಡಿದೆ, ತಪ್ಪಿದ್ದರೆ ತಿದ್ದಿ.

ಸಾಲ್ಟ್, ಕೊಹ್ಲಿ, ಪಡಿಕ್ಕಲ್, ಪಾಟೀದಾರ್, ಜಿತೇಶ್, ಟಿಮ್ ಡೇವಿಡ್, ವೆಂಕಟೇಶ್ ಅಯ್ಯರ್, ಕೃಣಾಲ್, ಶೆಫರ್ಡ್, ಭುವಿ, ಹೇಜಲ್‌ವುಡ್. ಬೆಂಚಿನಲ್ಲಿ ಯಶ್ ದಯಾಳ್, ಸುಯಶ್, ರಸಿಖ್, ಬೆಥೆಲ್, ಡಫಿ. ಬ್ಯಾಟಿಂಗ್ ಕುಸಿದರೆ ಬೆಥೆಲ್ ಇಂಪ್ಯಾಕ್ಟ್ (ಪಂದ್ಯದ ನಡುವೆ ಹನ್ನೊಂದರಲ್ಲಿ ಒಬ್ಬರ ಬದಲು ಇಳಿಸಬಹುದಾದ ಆಟಗಾರ), ಇಲ್ಲವಾದರೆ ಸುಯಶ್. ಒಂಬತ್ತನೇ ಕ್ರಮಾಂಕದವರೆಗೂ ಬ್ಯಾಟಿಂಗ್ ಇದೆ, 7 ಕೋಟಿಯೂ ಮೈದಾನದಲ್ಲೇ ಇರುತ್ತದೆ.

ಸ್ಕೋರ್‌ಶೀಟ್

ಎರಡು ಕಡೆ ಕೂಡಿ ಬರುವುದಿಲ್ಲ.

ಮೊದಲನೆಯದು ನಿಯಮ. ನಿಮ್ಮ ಹನ್ನೊಂದರಲ್ಲಿ ಸಾಲ್ಟ್, ಡೇವಿಡ್, ಶೆಫರ್ಡ್, ಹೇಜಲ್‌ವುಡ್, ಆಗಲೇ ನಾಲ್ಕು ವಿದೇಶಿಗರು. ನಾಲ್ವರಿಂದ ಶುರು ಮಾಡಿದರೆ ಇಂಪ್ಯಾಕ್ಟ್ ಆಟಗಾರ ಭಾರತೀಯನೇ ಆಗಬೇಕು. ಔಟಾದ ಸಾಲ್ಟ್ ಜಾಗಕ್ಕೆ ಬೆಥೆಲ್ ಬರುತ್ತಾರಲ್ಲ ಅಂದರೂ ಆಗುವುದಿಲ್ಲ. ಬೆಥೆಲ್ ಅಥವಾ ಡಫಿ ಇಂಪ್ಯಾಕ್ಟ್ ಆಗಿ ಬರಬೇಕಾದರೆ ಟಾಸ್ ವೇಳೆ ಕೊಡುವ ಹನ್ನೊಂದರಲ್ಲಿ ಮೂವರೇ ವಿದೇಶಿಗರು ಇರಬೇಕು.

ಎರಡನೆಯದು ಓವರ್. ನಿಮ್ಮ ಹನ್ನೊಂದರಲ್ಲಿ ಪೂರ್ತಿ ನಾಲ್ಕು ಓವರ್ ಕೊಡಬಹುದಾದವರು ಭುವಿ, ಹೇಜಲ್‌ವುಡ್, ಕೃಣಾಲ್. ಹನ್ನೆರಡು ಓವರ್ ಆಯಿತು. ಸುಯಶ್ ಇಂಪ್ಯಾಕ್ಟ್ ಆಗಿ ಬಂದರೆ ಹದಿನಾರು. ಉಳಿದ ನಾಲ್ಕು ಶೆಫರ್ಡ್ ಮತ್ತು ವೆಂಕಟೇಶ್ ಹಾಕಬೇಕು. ಶೆಫರ್ಡ್ ಅವರಿಂದ ಎರಡು ಓವರ್ ತೆಗೆಯುವುದು ಒಂದು ಮಾತು, ಪ್ರತಿ ಪಂದ್ಯದಲ್ಲೂ ನಾಲ್ಕು ಹಾಕಿಸುವುದು ಬೇರೆ ಮಾತು. ಒಬ್ಬ ಪ್ರಮುಖ ಬೌಲರ್‌ಗೆ ಹೊಡೆತ ಬಿದ್ದರೆ ತಿರುಗಿ ನೋಡಲು ಆರನೆಯವನೇ ಇಲ್ಲ. ಎಡಗೈ ವೇಗಿಯೂ ಹೊರಗೆ ಕೂತಿದ್ದಾನೆ. ಚೆನ್ನೈ ಪಂದ್ಯದ ಕೊನೆಯ ಓವರ್‌ನಲ್ಲಿ 15 ರನ್ ಉಳಿಸಿ ಧೋನಿಯವರನ್ನು ಔಟ್ ಮಾಡಿದ್ದು ಯಶ್ ದಯಾಳ್, ಆ ಕೋನದಿಂದ ಬರುವ ಚೆಂಡು ಕೊನೆಯ ಓವರ್‌ಗಳಲ್ಲಿ ಬೇಕು.

2025ರಲ್ಲಿ ಕಪ್ ಗೆದ್ದ ತಂಡದ ಕಟ್ಟು ನೆನಪಿಸಿಕೊಳ್ಳಿ. ಪಡಿಕ್ಕಲ್, ಸುಯಶ್ ಇಬ್ಬರೂ ಒಂದೇ ಕುರ್ಚಿ ಹಂಚಿಕೊಳ್ಳುತ್ತಿದ್ದರು. ಮೊದಲು ಬ್ಯಾಟ್ ಮಾಡಿದರೆ ಪಡಿಕ್ಕಲ್ ಆಡಿ, ಆಮೇಲೆ ಅವರ ಜಾಗಕ್ಕೆ ಸುಯಶ್. ಮೊದಲು ಬೌಲ್ ಮಾಡಿದರೆ ಸುಯಶ್ ತಮ್ಮ ನಾಲ್ಕು ಓವರ್ ಮುಗಿಸಿ, ಪಡಿಕ್ಕಲ್‌ಗೆ ಜಾಗ ಬಿಡುವುದು. 2 ಮತ್ತು 2.60, ಒಟ್ಟು 4.60 ಕೋಟಿಗೆ ಒಂದು ಪೂರ್ಣ ಬ್ಯಾಟರ್, ಒಂದು ಪೂರ್ಣ ಬೌಲರ್. ಬೇರೆ ಯಾವ ಜಾಗದಲ್ಲೂ ಇಷ್ಟು ಉಳಿತಾಯ ಆಗಿಲ್ಲ. ಈ ಜೋಡಿ ಮುರಿಯುವಂಥ ಹನ್ನೊಂದನ್ನು ಬರೆಯಬೇಡಿ.

ನಕಲ್‌ಬಾಲ್

ಹಾಗಾದರೆ ವೆಂಕಟೇಶ್ ಎಲ್ಲಿ ಅನ್ನುವ ಪ್ರಶ್ನೆ ಉಳಿಯುತ್ತದೆ. ಅವರಿಗೆ ಮೊದಲ ಪಂದ್ಯದಿಂದಲೇ ಖಾಯಂ ಜಾಗ ನನಗೂ ಕಾಣುತ್ತಿಲ್ಲ. 2025ರಲ್ಲಿ 23.75 ಕೋಟಿಯ ಭಾರ ಹೊತ್ತು 142 ರನ್ ಮಾಡಿದ ಆಟಗಾರ ಈಗ 7 ಕೋಟಿಗೆ ಬಂದಿದ್ದಾರೆ, ಅಷ್ಟಕ್ಕೂ ಕೋಲ್ಕತ್ತ ವಾಪಸ್ ಕರೆದೊಯ್ಯಲು ಬಿಡ್ ಮಾಡುತ್ತಲೇ ಇತ್ತು.

ಎಡಗೈ ಬ್ಯಾಟರ್ ಆದ ಅವರನ್ನು ತಂದದ್ದು ಎರಡು ಅಪಾಯಕ್ಕೆ ಗುರಾಣಿಯಾಗಿ ಅಂತ ನನ್ನ ಊಹೆ. ನಮ್ಮ ಬ್ಯಾಟಿಂಗ್ ಸಾಲಿನಲ್ಲಿ ಸಾಲ್ಟ್, ಕೊಹ್ಲಿ, ಪಾಟೀದಾರ್, ಜಿತೇಶ್, ಡೇವಿಡ್, ಶೆಫರ್ಡ್ ಎಲ್ಲ ಬಲಗೈ. ಏಳನೇ ಓವರ್‌ನಿಂದ ಎದುರಾಳಿ ಲೆಗ್‌ಸ್ಪಿನ್ನರ್, ಎಡಗೈ ಸ್ಪಿನ್ನರ್ ಇಬ್ಬರನ್ನೂ ಎರಡು ತುದಿಯಿಂದ ಹಚ್ಚಿ ಕಟ್ಟಿಹಾಕಬಹುದು. ಅದನ್ನು ಮುರಿಯುವ ಎಡಗೈಯವರು ಮೇಲ್ಕ್ರಮಾಂಕದಲ್ಲಿ ಪಡಿಕ್ಕಲ್ ಒಬ್ಬರೇ. 2025ರಲ್ಲಿ ಪಡಿಕ್ಕಲ್ ಅವರಿಗೆ ಹ್ಯಾಮ್‌ಸ್ಟ್ರಿಂಗ್ ಆದಾಗ ಬಂದ ಮಯಾಂಕ್ ಕೂಡ ಬಲಗೈ. ಲಖನೌದಲ್ಲಿ ಔಟಾಗದೆ 41 ಹೊಡೆದು ಜಿತೇಶ್‌ಗೆ ಜೊತೆ ಕೊಟ್ಟರು, ಫೈನಲ್‌ನಲ್ಲಿ 24, ಆದರೆ ಆ ಎಡಗೈ ಕೊರತೆ ತುಂಬಲಿಲ್ಲ.

ಇನ್ನೊಂದು ಅಪಾಯ ವಿದೇಶಿ ಫಿನಿಷರ್‌ಗಳ ಗಾಯ. ಡೇವಿಡ್ 2025ರ ಪ್ಲೇಆಫ್ ಆಡಲೇ ಇಲ್ಲ. ಅಂಥ ದಿನ ಆ ಜಾಗಕ್ಕೆ ವೆಂಕಟೇಶ್ ಬಂದರೆ ಒಂದು ವಿದೇಶಿ ಜಾಗ ಬಿಡುವಾಗುತ್ತದೆ, ಬೆಥೆಲ್ ಅಥವಾ ಡಫಿಯನ್ನು ಇಂಪ್ಯಾಕ್ಟ್ ಪಟ್ಟಿಯಲ್ಲಿಟ್ಟು ಪಿಚ್ ನೋಡಿ ಇಳಿಸಬಹುದು. ಆದರೆ ಎಚ್ಚರ. ಇಂಪ್ಯಾಕ್ಟ್ ಅವಕಾಶ ಇರುವುದು ಒಂದೇ, ಅದನ್ನು ಡಫಿಗೆ ಕೊಟ್ಟರೆ ಆವತ್ತು ಪಡಿಕ್ಕಲ್–ಸುಯಶ್ ಅದಲುಬದಲು ಇಲ್ಲ. ಸುಯಶ್ ಮೊದಲಿನಿಂದಲೇ ಹನ್ನೊಂದರಲ್ಲಿ ಇರಬೇಕು, ಒಬ್ಬ ಬ್ಯಾಟರ್ ಕಡಿಮೆ. ಚಿನ್ನಸ್ವಾಮಿಯಲ್ಲಿ 2025ರಲ್ಲಿ ಮೊದಲು ಬ್ಯಾಟ್ ಮಾಡಿ 169, 163, 14 ಓವರ್‌ಗೆ ಇಳಿಸಿದ ಪಂದ್ಯದಲ್ಲಿ 95ಕ್ಕೆ ನಿಂತು ಮೂರೂ ಸೋತೆವು. ಪಿಚ್ ಹಾಗೆ ಚೆಂಡನ್ನು ತಡೆದು ಕಳಿಸುತ್ತಿದ್ದರೆ ನಾನು ಬ್ಯಾಟರ್‌ನನ್ನು ಕಳೆದುಕೊಳ್ಳಲು ಒಪ್ಪುವುದಿಲ್ಲ. ಹೊರಗೆ, ಅಹಮದಾಬಾದ್ ಥರದ ದೊಡ್ಡ ಮೈದಾನದಲ್ಲಿ, ಮಾಡಿ ನೋಡಬಹುದು.

ನಮ್ಮೂರ_ಪಿಚ್

ಒಂದು ನಿಯಮದ ಅನುಮಾನ. 25 ಲಕ್ಷ ಉಳಿದಿದೆಯಲ್ಲ, ಯಾರಾದರೂ ಗಾಯಗೊಂಡರೆ ಅದರಲ್ಲೇ ಬದಲಿ ತರಬೇಕಾ? ಅಷ್ಟಕ್ಕೆ ಯಾರು ಬರುತ್ತಾರೆ? ಕನಿಷ್ಠ ಮೂಲ ಬೆಲೆಯೇ 30 ಲಕ್ಷ.

ಸ್ಕೋರ್‌ಶೀಟ್

ಇಲ್ಲ, ಆ 25 ಲಕ್ಷಕ್ಕೂ ಬದಲಿಗೂ ಸಂಬಂಧ ಇಲ್ಲ. ಗಾಯಗೊಂಡವನ ಬೆಲೆ ಮೀರದಂತೆ, ನೋಂದಾಯಿತ ಆಟಗಾರರ ಪಟ್ಟಿಯಿಂದ ಒಬ್ಬನನ್ನು ತರಬಹುದು. ಕೊಟ್ಟ ದುಡ್ಡು ಆ ಸೀಸನ್‌ನ ಪರ್ಸ್‌ನಲ್ಲಿ ಎಣಿಕೆಯಾಗುವುದಿಲ್ಲ, ಮುಂದಿನ ವರ್ಷಕ್ಕೆ ಉಳಿಸಿಕೊಂಡರೆ ಮಾತ್ರ ಎಣಿಕೆ. ಹಾಗಾಗಿಯೇ 2 ಕೋಟಿಯ ಪಡಿಕ್ಕಲ್ ಜಾಗಕ್ಕೆ 1 ಕೋಟಿಯ ಮಯಾಂಕ್ ಬರಲು ಸಾಧ್ಯವಾಯಿತು. ಇಲ್ಲೂ ಬೆಲೆ ಬಂದು ಅಡ್ಡ ನಿಲ್ಲುತ್ತದೆ ನೋಡಿ. ಹೇಜಲ್‌ವುಡ್‌ಗೆ ಏನಾದರೂ ಆದರೆ 12.50 ಕೋಟಿಯವರೆಗೆ ಯಾರನ್ನಾದರೂ ಕರೆಯಬಹುದು. ಶೆಫರ್ಡ್‌ಗೆ ಆದರೆ 1.50 ಕೋಟಿಯೊಳಗೆ ಆ ಥರದ ಇನ್ನೊಬ್ಬನನ್ನು ಹುಡುಕಬೇಕು, 2 ಕೋಟಿ ಮೂಲ ಬೆಲೆ ಹಾಕಿಕೊಂಡವರು ಯಾರೂ ಆಗಿಬರುವುದಿಲ್ಲ. ಕೆಳಗಿನ ಕ್ರಮಾಂಕದಲ್ಲಿ ಸಿಕ್ಸರ್ ಹೊಡೆದು ವೇಗದ ಬೌಲಿಂಗ್ ಕೂಡ ಮಾಡುವವರು ಆ ದುಡ್ಡಿಗೆ ಸೀಸನ್ ನಡುವೆ ಖಾಲಿ ಕೂತಿರುವುದಿಲ್ಲ. ಆಗ ಆರನೇ ಬೌಲರ್ ಆಸೆ ಬಿಟ್ಟು, ಏಳನೇ ಕ್ರಮಾಂಕಕ್ಕೆ ವೆಂಕಟೇಶ್, ವಿದೇಶಿ ಜಾಗಕ್ಕೆ ಬೆಥೆಲ್ ಅಂತ ಹೊಂದಿಸಿಕೊಳ್ಳಬೇಕಾಗುತ್ತದೆ.